ವಿಳಾಸದ ಹಿಂದಿನ ವಿಳಾಸ: ವರ್ಚುವಲ್ ಮೆಮರಿ ಕೆಲಸ ಮಾಡುವ ಬಗೆ

(ದತ್ತಿ ಉಪನ್ಯಾಸದ ಮುದ್ರಿತ ರೂಪ)



ವಿಜ್ಞಾನದ ಒಂದು ವಿಷಯವನ್ನು ಮೇಲೆ ಮೇಲೆ ತೇಲಿಸದೆ, ಕನ್ನಡದಲ್ಲಿ ಒಳಗಿನವರೆಗೂ ಹೇಳಬೇಕು ಎಂಬುದು ಈ ದತ್ತಿಯ ಷರತ್ತು. ಹಾಗಾಗಿ ಊರೆಲ್ಲ ಮಾತಾಡುತ್ತಿರುವ ಕೃತಕ ಬುದ್ಧಿಮತ್ತೆಯನ್ನು ಬಿಟ್ಟು, ಅರವತ್ತು ವರ್ಷಗಳಿಂದ ಸದ್ದಿಲ್ಲದೆ ದುಡಿಯುತ್ತಿರುವ ಒಂದು ಏರ್ಪಾಟನ್ನು ಆರಿಸಿಕೊಂಡಿದ್ದೇನೆ. ಅದೇ ವರ್ಚುವಲ್ ಮೆಮರಿ. ಈ ಸಭಾಂಗಣದಲ್ಲಿ ಎಷ್ಟು ಮೊಬೈಲ್‌ಗಳಿವೆಯೋ ಅಷ್ಟರಲ್ಲೂ ಈ ಕ್ಷಣ ಅದು ನಡೆಯುತ್ತಿದೆ. ಸೈಲೆಂಟ್‌ಗೆ ಹಾಕಿದವುಗಳಲ್ಲೂ.

“ರ‍್ಯಾಮ್ ಸಾಲದೆ ಬಂದಾಗ ಹಾರ್ಡ್ ಡಿಸ್ಕಿನ ಒಂದು ಭಾಗವನ್ನು ರ‍್ಯಾಮಿನ ಹಾಗೆ ಬಳಸಿಕೊಳ್ಳುವುದು” ಎಂದು ಪರೀಕ್ಷೆಯಲ್ಲಿ ಬರೆದರೆ ಎರಡು ಅಂಕ ಸಿಗುತ್ತದೆ. ಸಿಗಲಿ. ಆದರೆ ಅದು ಈ ವಿಷಯದ ಬಾಲ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಡಿಸ್ಕನ್ನು ಹಾಗೆ ಬಳಸುವ ಸೌಲಭ್ಯವನ್ನು ಪೂರ್ತಿ ಆಫ್ ಮಾಡಿದರೂ ವರ್ಚುವಲ್ ಮೆಮರಿ ನಿಲ್ಲುವುದಿಲ್ಲ. ಪ್ರತಿ ಸೆಕೆಂಡಿಗೆ ಕೋಟಿಗಟ್ಟಲೆ ಸಲ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅದರ ತಲೆ ಇರುವುದು ಒಂದು ಕಟ್ಟಳೆಯಲ್ಲಿ: ಯಾವ ಪ್ರೋಗ್ರಾಮಿಗೂ ನಿಜವಾದ ವಿಳಾಸ ಗೊತ್ತಿರಕೂಡದು. ಇವತ್ತು ನಾನು ಹೇಳಬೇಕಾದದ್ದೆಲ್ಲ ಆ ಒಂದು ಕಟ್ಟಳೆಯ ಸುತ್ತ.

ಮೆಮರಿ ಎಂದರೆ ಸಾಲಾಗಿ ಸಂಖ್ಯೆ ಹಾಕಿದ ಬೈಟ್‌ಗಳು, ಅಷ್ಟೇ. 8 ಗಿಗಾಬೈಟ್ ರ‍್ಯಾಮಿನಲ್ಲಿ ಸೊನ್ನೆಯಿಂದ ಶುರುವಾಗಿ ಸುಮಾರು 859 ಕೋಟಿಯವರೆಗೆ ಸಂಖ್ಯೆ ಹೋಗುತ್ತದೆ. ಆ ಸಂಖ್ಯೆಯೇ ವಿಳಾಸ. ಕಂಪ್ಯೂಟರಿನ ಬಾಲ್ಯದಲ್ಲಿ ಪ್ರೋಗ್ರಾಂ ಬರೆಯುವವರು ಈ ವಿಳಾಸಗಳನ್ನು ಕೈಯಾರೆ ಹಂಚುತ್ತಿದ್ದರು. 1948ರ ಜೂನ್ 21ರಂದು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ‘ಬೇಬಿ’ ಎಂಬ ಯಂತ್ರ ತನ್ನ ಮೆಮರಿಯೊಳಗೇ ಇಟ್ಟುಕೊಂಡ ಪ್ರೋಗ್ರಾಮನ್ನು ಓಡಿಸಿತು. ವಿದ್ಯುನ್ಮಾನ ಕಂಪ್ಯೂಟರಿನಲ್ಲಿ ಅದೇ ಮೊದಲು. ಅದರ ಮೆಮರಿ ಬರೀ 32 ವರ್ಡ್ (ಯಂತ್ರ ಒಂದೇ ಸಲಕ್ಕೆ ಹಿಡಿಯುವ ಬಿಟ್‌ಗಳ ಕಟ್ಟೇ ವರ್ಡ್). ಪ್ರೋಗ್ರಾಂ ಬರೆದ ಟಾಮ್ ಕಿಲ್‌ಬರ್ನ್‌ಗೆ ಅಷ್ಟೂ ಬಾಯಿಪಾಠವಾಗಿದ್ದಿರಬೇಕು. ಯಾವುದು ಎಲ್ಲಿದೆ ಎಂದು ಯಾರನ್ನೂ ಕೇಳುವ ಅಗತ್ಯವಿರಲಿಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಯಂತ್ರಗಳು ಬೆಳೆದವು, ಪ್ರೋಗ್ರಾಂಗಳು ಅದಕ್ಕಿಂತ ವೇಗವಾಗಿ ಬೆಳೆದವು. ವೇಗದ ಮೆಮರಿ ದುಬಾರಿ, ಹಾಗಾಗಿ ಚಿಕ್ಕದು. ತಿರುಗುವ ಕಾಂತೀಯ ಡ್ರಮ್ ಅಗ್ಗ, ಹಾಗಾಗಿ ದೊಡ್ಡದು. ಆದರೆ ಬಲು ನಿಧಾನ. ಪ್ರೋಗ್ರಾಂ ಬರೆಯುವವರು ತಮ್ಮ ಪ್ರೋಗ್ರಾಮನ್ನು ತುಂಡು ತುಂಡಾಗಿ ಕತ್ತರಿಸಿ, ಯಾವ ತುಂಡು ಯಾವಾಗ ಡ್ರಮ್ಮಿನಿಂದ ಒಳಗೆ ಬರಬೇಕು, ಯಾವುದರ ಜಾಗದಲ್ಲಿ ಕೂರಬೇಕು ಎಂದು ಮೊದಲೇ ಲೆಕ್ಕ ಹಾಕಿ ಬರೆದಿಡಬೇಕಿತ್ತು. ಇದಕ್ಕೆ ಓವರ್‌ಲೇ ಎಂದು ಹೆಸರು. ಲೆಕ್ಕ ಮಾಡಬೇಕಾದ ವಿಜ್ಞಾನಿ ಸಾಮಾನು ಸಾಗಿಸುವ ಕೆಲಸಕ್ಕೇ ಸೋತುಹೋಗುತ್ತಿದ್ದ. ಮೆಮರಿ ಬೇರೆ ಅಳತೆಯ ಇನ್ನೊಂದು ಯಂತ್ರಕ್ಕೆ ಪ್ರೋಗ್ರಾಮನ್ನು ಒಯ್ದರೆ ಲೆಕ್ಕವೆಲ್ಲ ಮತ್ತೆ ಮೊದಲಿಂದ.

ಇದಕ್ಕೆ ಕೊನೆ ಹಾಡಿದವರು ಅದೇ ಕಿಲ್‌ಬರ್ನ್ ಮತ್ತು ಅವರ ಬಳಗ. 1950ರ ದಶಕದಲ್ಲೇ ಬರ್ಲಿನ್ನಿನ ಫ್ರಿಟ್ಜ್-ರುಡಾಲ್ಫ್ ಗ್ಯುಂಚ್ ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ ಈ ಸಾಗಾಟವನ್ನು ಯಂತ್ರವೇ ಮಾಡಬೇಕೆಂಬ ವಿಚಾರವನ್ನು ಬರೆದಿದ್ದರು. ಆದರೆ ಕಟ್ಟಿ ತೋರಿಸಿದ್ದು ಮ್ಯಾಂಚೆಸ್ಟರ್‌ನವರು. 1962ರ ಡಿಸೆಂಬರ್ 7ರಂದು ಉದ್ಘಾಟನೆಯಾದ ಆಟ್ಲಾಸ್ ಕಂಪ್ಯೂಟರಿನಲ್ಲಿ ವೇಗದ ಕೋರ್ ಮೆಮರಿ 16,384 ವರ್ಡ್, ಡ್ರಮ್ 98,304 ವರ್ಡ್. ಒಂದು ವರ್ಡಿಗೆ 48 ಬಿಟ್. ಇಂದಿನ ಅಳತೆಯಲ್ಲಿ ಕೋರ್ ಮೆಮರಿ 96 ಕಿಲೋಬೈಟ್ ಆಯಿತು. ವಾಟ್ಸ್ಆ್ಯಪ್‌ನಲ್ಲಿ ಬರುವ ಒಂದು ‘ಶುಭೋದಯ’ದ ಚಿತ್ರಕ್ಕೂ ಸಾಲದು. ಪ್ರೋಗ್ರಾಂ ಬರೆಯುವವರಿಗೆ ಕೋರೂ ಇಲ್ಲ, ಡ್ರಮ್ಮೂ ಇಲ್ಲ, ಒಂದೇ ಉದ್ದನೆಯ ಮೆಮರಿ ಕಾಣಬೇಕು ಎಂಬುದು ಕಿಲ್‌ಬರ್ನ್ ಬಳಗದ ಹಟ. ಇಡೀ ಮೆಮರಿಯನ್ನು 512 ವರ್ಡಿನ ಪುಟಗಳಾಗಿ ಕತ್ತರಿಸಿದರು. ಕೋರ್‌ನಲ್ಲಿ ಹಿಡಿಯುವುದು 32 ಪುಟ. ಪ್ರತಿ ಪುಟದ ಜಾಗಕ್ಕೂ ಒಂದು ರಿಜಿಸ್ಟರ್; ಅಲ್ಲಿ ಸದ್ಯಕ್ಕೆ ಯಾವ ಪುಟ ಕೂತಿದೆ ಎಂಬ ಸಂಖ್ಯೆ ಅದರಲ್ಲಿ. ಪ್ರೋಗ್ರಾಂ ಒಂದು ವಿಳಾಸ ಕೇಳಿದ ಕೂಡಲೇ 32 ರಿಜಿಸ್ಟರುಗಳನ್ನೂ ಯಂತ್ರ ಒಟ್ಟಿಗೇ ಹೋಲಿಸುತ್ತಿತ್ತು. ಸಿಕ್ಕರೆ ಸರಿ. ಸಿಗದಿದ್ದರೆ ಪ್ರೋಗ್ರಾಮನ್ನು ನಿಲ್ಲಿಸಿ, ಡ್ರಮ್ಮಿನಿಂದ ಪುಟ ತಂದು, ಮತ್ತೆ ನಡೆಸುವುದು. ಇಂದಿನ ನಿಮ್ಮ ಮೊಬೈಲ್ ಮಾಡುವುದೂ ಬುಡದಲ್ಲಿ ಇದನ್ನೇ.

ಈಗ ಒಂದು ಹೋಲಿಕೆ. ಮತ್ತೆ ಹೋಲಿಕೆಗೆ ಹೋಗುವುದಿಲ್ಲ. ಹಳೆಯ ಲ್ಯಾಂಡ್‌ಲೈನ್ ನೆನಪಿಸಿಕೊಳ್ಳಿ. 0821 ಎಂದರೆ ಮೈಸೂರು, 0824 ಎಂದರೆ ಮಂಗಳೂರು. ನಂಬರಿನಲ್ಲೇ ಜಾಗ ಇತ್ತು. ಮನೆ ಬದಲಾಯಿಸಿ ಬೇರೆ ಊರಿಗೆ ಹೋದರೆ ನಂಬರೂ ಹೋಯಿತು. ಮೊಬೈಲ್ ನಂಬರಿನಲ್ಲಿ ಜಾಗವಿಲ್ಲ. ನೀವು ಶಿರಾಡಿ ಘಾಟಿಯಲ್ಲಿರಿ, ಶಿವಾಜಿನಗರದಲ್ಲಿರಿ, ಕರೆ ಮಾಡುವವರು ಒತ್ತುವುದು ಅದೇ ಹತ್ತು ಅಂಕಿ. ಸದ್ಯಕ್ಕೆ ಯಾವ ಟವರ್ ಎಂಬುದು ಕಂಪನಿಯ ದಾಖಲೆಯಲ್ಲಿದೆ, ಕರೆ ಮಾಡುವವರಿಗೆ ಅದರ ಗೊಡವೆ ಇಲ್ಲ. ಪ್ರೋಗ್ರಾಂ ಬಳಸುವ ವರ್ಚುವಲ್ ವಿಳಾಸ ಈ ಮೊಬೈಲ್ ನಂಬರಿನ ಜಾತಿಯದು. ರ‍್ಯಾಮಿನ ಭೌತಿಕ ವಿಳಾಸ ಲ್ಯಾಂಡ್‌ಲೈನ್ ಜಾತಿಯದು. ಆದರೆ ಒಂದು ಕಡೆ ಈ ಹೋಲಿಕೆ ಮುರಿದುಬೀಳುತ್ತದೆ, ವಿಷಯದ ರುಚಿ ಇರುವುದೂ ಅಲ್ಲೇ: ಇಬ್ಬರಿಗೆ ಒಂದೇ ಮೊಬೈಲ್ ನಂಬರ್ ಇರಲಾರದು, ಆದರೆ ನೂರು ಪ್ರೋಗ್ರಾಂಗಳು ಒಂದೇ ವಿಳಾಸವನ್ನು ಬಳಸಬಹುದು. ನಿಮ್ಮ ಬ್ಯಾಂಕ್ ಆ್ಯಪ್‌ಗೆ 20,580 ಎಂಬ ವಿಳಾಸವಿದೆ, ಪಕ್ಕದ ಗೇಮ್ ಆ್ಯಪ್‌ಗೂ 20,580 ಇದೆ ಎನ್ನೋಣ. ಎರಡೂ ರ‍್ಯಾಮಿನಲ್ಲಿ ಬೇರೆ ಬೇರೆ ಕಡೆ ತಲುಪುತ್ತವೆ. ಪ್ರತಿ ಪ್ರೋಗ್ರಾಮಿಗೂ ತನ್ನದೇ ಪಟ್ಟಿ. ಅದರ ಹೆಸರು ಪೇಜ್ ಟೇಬಲ್.

20,580 ಅನ್ನೇ ಹಿಡಿದು ಲೆಕ್ಕ ಮಾಡೋಣ. ಇಂದಿನ ಬಹುತೇಕ ಯಂತ್ರಗಳಲ್ಲಿ ಒಂದು ಪುಟ 4,096 ಬೈಟ್. 20,580 ಅನ್ನು 4,096ರಿಂದ ಭಾಗಿಸಿದರೆ ಭಾಗಲಬ್ಧ 5, ಶೇಷ 100. ಅಂದರೆ 5ನೇ ಪುಟದ ನೂರನೇ ಬೈಟ್. ಬ್ಯಾಂಕ್ ಆ್ಯಪ್‌ನ ಪಟ್ಟಿಯಲ್ಲಿ 5ನೇ ಸಾಲು ನೋಡಿದರೆ ‘ಚೌಕಟ್ಟು 1,200’ ಎಂದಿದೆ ಎಂದಿಟ್ಟುಕೊಳ್ಳಿ. ರ‍್ಯಾಮಿನಲ್ಲಿ ಪುಟ ಕೂರುವ ಜಾಗವೇ ಚೌಕಟ್ಟು. 1,200ನ್ನು 4,096ರಿಂದ ಗುಣಿಸಿ, 100 ಕೂಡಿಸಿ: 49,15,300. ಅದು ನಿಜವಾದ ವಿಳಾಸ. ಶೇಷ ಹಾಗೇ ಉಳಿಯಿತು, ಪುಟದ ಸಂಖ್ಯೆ ಮಾತ್ರ ಬದಲಾಯಿತು. ಭಾಗಾಕಾರ ಎಂದೆನಾದರೂ ಯಂತ್ರಕ್ಕೆ ಆ ಕಷ್ಟವೂ ಇಲ್ಲ. 4,096 ಎರಡರ 12ನೇ ಘಾತ, ಹಾಗಾಗಿ ಕೊನೆಯ 12 ಬಿಟ್ ಕತ್ತರಿಸಿದರೆ ಮುಗಿಯಿತು. ಈ ಕೆಲಸ ಮಾಡುವುದು ಪ್ರೊಸೆಸರಿನೊಳಗಿನ ಎಂಎಂಯು ಎಂಬ ಭಾಗ. ಆಪರೇಟಿಂಗ್ ಸಿಸ್ಟಂ ಪಟ್ಟಿ ಬರೆಯುತ್ತದೆ, ಎಂಎಂಯು ಓದುತ್ತದೆ.

ಇಷ್ಟು ಸರಳವಾದರೆ ಒಂದು ಉದ್ದನೆಯ ಪಟ್ಟಿ ಸಾಕಲ್ಲ? ಸಾಲದು. ನಿಮ್ಮ ಲ್ಯಾಪ್‌ಟಾಪಿನ 64 ಬಿಟ್ ಪ್ರೊಸೆಸರಿನಲ್ಲಿ ವರ್ಚುವಲ್ ವಿಳಾಸ ಸಾಮಾನ್ಯವಾಗಿ 48 ಬಿಟ್ ಉದ್ದ, ಅಂದರೆ 256 ಟೆರಾಬೈಟ್. 12 ಬಿಟ್ ಪುಟದೊಳಗಿನ ಜಾಗಕ್ಕೆ ಹೋದರೆ ಉಳಿಯುವುದು 36 ಬಿಟ್. ಒಂದೊಂದು ನಮೂದಿಗೆ 8 ಬೈಟ್‌ನಂತೆ ಉದ್ದಕ್ಕೆ ಬರೆದರೆ ಒಂದು ಪ್ರೋಗ್ರಾಮಿನ ಪಟ್ಟಿಗೇ 512 ಗಿಗಾಬೈಟ್ ಬೇಕು.  ಅದಕ್ಕೇ 36 ಬಿಟ್ಟನ್ನು ಒಂಬತ್ತೊಂಬತ್ತರ ನಾಲ್ಕು ತುಂಡು ಮಾಡಿದ್ದಾರೆ. ಮೊದಲ ಒಂಬತ್ತು ಬಿಟ್ ಮೇಲಿನ ಪಟ್ಟಿಯ 512 ನಮೂದುಗಳಲ್ಲಿ ಒಂದನ್ನು ತೋರಿಸುತ್ತದೆ. ಆ ನಮೂದು ಎರಡನೇ ಹಂತದ ಪಟ್ಟಿ ಎಲ್ಲಿದೆ ಎಂದು ಹೇಳುತ್ತದೆ. ಹೀಗೆ ನಾಲ್ಕು ಹಂತ ಇಳಿದರೆ ಪುಟ ಸಿಗುತ್ತದೆ. 512 ನಮೂದು, ತಲಾ 8 ಬೈಟ್, ಒಟ್ಟು 4,096. ಪ್ರತಿ ಪಟ್ಟಿಯೂ ಸರಿಯಾಗಿ ಒಂದು ಪುಟ. ಇದು ಕಾಕತಾಳೀಯವಲ್ಲ, ಒಳ್ಳೆಯ ಕಸುಬು. ಪ್ರೋಗ್ರಾಂ ಬಳಸದ ಭಾಗಗಳಿಗೆ ಕೆಳಗಿನ ಪಟ್ಟಿಗಳನ್ನು ಸೃಷ್ಟಿಸುವುದೇ ಇಲ್ಲ, ಹಾಗಾಗಿ ಜಾಗ ಉಳಿಯಿತು.

ಜಾಗ ಉಳಿಯಿತು, ಹೊತ್ತು ಹೋಯಿತು. ಒಂದು ಬೈಟ್ ಓದಲು ನಾಲ್ಕು ಪಟ್ಟಿ ನೋಡಿ ಐದನೇ ಸಲಕ್ಕೆ ನಿಜವಾದ ಮೆಮರಿ ಮುಟ್ಟಬೇಕು. ಇದನ್ನು ತಪ್ಪಿಸಲು ಇತ್ತೀಚೆಗೆ ಹುಡುಕಿದ ಉತ್ತರಗಳನ್ನು ಪ್ರೊಸೆಸರ್ ಟಿಎಲ್‌ಬಿ ಎಂಬ ಪುಟ್ಟ ಕೋಷ್ಟಕದಲ್ಲಿ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಂಗಳು ಮುಟ್ಟಿದ್ದನ್ನೇ ಮತ್ತೆ ಮುಟ್ಟುವ ಸ್ವಭಾವದವು. ಹಾಗಾಗಿ ಬಹುತೇಕ ಸಲ ಉತ್ತರ ಅಲ್ಲೇ ಸಿಗುತ್ತದೆ. ಟಿಎಲ್‌ಬಿ ಇಲ್ಲದೆ ವರ್ಚುವಲ್ ಮೆಮರಿ ಪ್ರಯೋಗಾಲಯ ಬಿಟ್ಟು ಹೊರಗೆ ಬರುತ್ತಿರಲಿಲ್ಲ.

ಪಟ್ಟಿಯ ಪ್ರತಿ ನಮೂದಿನಲ್ಲೂ ಚೌಕಟ್ಟಿನ ಸಂಖ್ಯೆಯ ಜತೆಗೆ ಕೆಲವು ಒಂಟಿ ಬಿಟ್‌ಗಳಿವೆ: ಪುಟ ರ‍್ಯಾಮಿನಲ್ಲಿ ಇದೆಯೇ, ಬರೆಯಬಹುದೇ, ಇತ್ತೀಚೆಗೆ ಯಾರಾದರೂ ಮುಟ್ಟಿದ್ದಾರೆಯೇ, ಮುಟ್ಟಿ ತಿದ್ದಿದ್ದಾರೆಯೇ, ಸಾಮಾನ್ಯ ಪ್ರೋಗ್ರಾಂ ಇದನ್ನು ನೋಡಬಹುದೇ. ನನ್ನನ್ನು ಕೇಳಿದರೆ ಇಡೀ ಆಧುನಿಕ ಕಂಪ್ಯೂಟಿಂಗ್ ಈ ನಾಲ್ಕೈದು ಬಿಟ್‌ಗಳ ಮೇಲೆ ನಿಂತಿದೆ.

ಮೊದಲ ಬಿಟ್ ತೆಗೆದುಕೊಳ್ಳಿ. ಪ್ರೋಗ್ರಾಂ ಒಂದು ವಿಳಾಸ ಮುಟ್ಟಿತು, ಎಂಎಂಯು ನೋಡಿದರೆ ‘ಇಲ್ಲ’ ಎಂಬ ಬಿಟ್. ಪ್ರೊಸೆಸರ್ ಆ ಆದೇಶವನ್ನು ಅರ್ಧಕ್ಕೇ ಕೈಬಿಟ್ಟು ಆಪರೇಟಿಂಗ್ ಸಿಸ್ಟಮಿನ ಹೃದಯಭಾಗವಾದ ಕರ್ನೆಲ್‌ಗೆ ಜಿಗಿಯುತ್ತದೆ. ಇದು ಪೇಜ್ ಫಾಲ್ಟ್. ಹೆಸರಲ್ಲಿ ಫಾಲ್ಟ್ ಇದ್ದರೂ ಬಹಳ ಸಲ ಯಾರದೂ ತಪ್ಪಿರುವುದಿಲ್ಲ. ಯಾವ ವಿಳಾಸಕ್ಕೆ ತಡೆಯಾಯಿತು ಎಂದು ಕರ್ನೆಲ್ ನೋಡುತ್ತದೆ. ಆ ವಿಳಾಸ ಈ ಪ್ರೋಗ್ರಾಮಿಗೆ ಸೇರಿದ್ದೇ ಅಲ್ಲವಾದರೆ ಪ್ರೋಗ್ರಾಂ ಅಲ್ಲಿಗೇ ಬಂದ್. ಸಿ ಭಾಷೆ ಕಲಿತವರೆಲ್ಲ ಒಮ್ಮೆಯಾದರೂ ಕಂಡಿರುವ ‘ಸೆಗ್ಮೆಂಟೇಶನ್ ಫಾಲ್ಟ್’ ಇದೇ. ಸೇರಿದ್ದಾದರೆ ಖಾಲಿ ಚೌಕಟ್ಟೊಂದನ್ನು ಹುಡುಕಿ, ಬೇಕಾದ ಪುಟವನ್ನು ಡಿಸ್ಕಿನಿಂದ ತಂದಿಟ್ಟು, ನಮೂದು ತಿದ್ದಿ, ಅದೇ ಆದೇಶವನ್ನು ಮತ್ತೆ ಮೊದಲಿಂದ ನಡೆಸಲು ಹೇಳುತ್ತದೆ. ಪ್ರೋಗ್ರಾಮಿಗೆ ಏನೂ ಗೊತ್ತಾಗುವುದಿಲ್ಲ, ಒಂದಿಷ್ಟು ಸಮಯ ಕಳೆದುಹೋದದ್ದು ಬಿಟ್ಟರೆ.

‘ಅದೇ ಆದೇಶವನ್ನು ಮತ್ತೆ ಮೊದಲಿಂದ’ ಎಂದು ಹೇಳುವುದು ಸುಲಭ. 1979ರ ಮೋಟೊರೋಲಾ 68000 ಪ್ರೊಸೆಸರಿಗೆ ಇದೇ ಬರುತ್ತಿರಲಿಲ್ಲ. ಅರ್ಧಕ್ಕೆ ನಿಂತ ಆದೇಶದಲ್ಲಿ ಎಲ್ಲಿಯವರೆಗೆ ಬಂದಿದ್ದೆ ಎಂಬುದನ್ನು ಅದು ಪೂರ್ತಿ ಬರೆದಿಡುತ್ತಿರಲಿಲ್ಲ. ಅಪೊಲೊ ಕಂಪನಿಯವರು ತಮ್ಮ ಯಂತ್ರದಲ್ಲಿ ಎರಡು 68000 ಹಾಕಿದರು: ಒಂದು ಪೇಜ್ ಫಾಲ್ಟಿನಲ್ಲಿ ಸಿಕ್ಕಿ ನಿಂತಾಗ ಇನ್ನೊಂದು ಪುಟ ತರುವ ಕೆಲಸ ನೋಡಿಕೊಳ್ಳಲಿ ಎಂದು. 1982ರ 68010 ಬಂದ ಮೇಲೆ ಈ ಸರ್ಕಸ್ ತಪ್ಪಿತು.

ಪೇಜ್ ಫಾಲ್ಟ್ ಎಂಬ ಈ ತಡೆಯನ್ನು ಆಪರೇಟಿಂಗ್ ಸಿಸ್ಟಂ ಬರೆಯುವವರು ತಮ್ಮ ಸೋಮಾರಿತನಕ್ಕೆ ಬಳಸಿಕೊಂಡಿದ್ದಾರೆ. ಇಲ್ಲಿ ಸೋಮಾರಿತನ ಗುಣ. ಪ್ರೋಗ್ರಾಂ ಒಂದು ಗಿಗಾಬೈಟ್ ಮೆಮರಿ ಬೇಕು ಎಂದು ಕೇಳಿದರೆ ಲಿನಕ್ಸ್ ‘ಆಗಲಿ’ ಎನ್ನುತ್ತದೆ, ಕೊಡುವುದಿಲ್ಲ. ಪ್ರೋಗ್ರಾಂ ಒಂದೊಂದೇ ಪುಟವನ್ನು ಮುಟ್ಟಿದಂತೆ ಒಂದೊಂದೇ ಚೌಕಟ್ಟು ಬಿಡುಗಡೆಯಾಗುತ್ತದೆ. ದೊಡ್ಡ ಆ್ಯಪ್ ತೆರೆದಾಗ ಅದರ ಕೋಡ್ ಪೂರ್ತಿ ರ‍್ಯಾಮಿಗೆ ಬರುವುದಿಲ್ಲ; ನೀವು ಒತ್ತಿದ ಗುಂಡಿಗೆ ಬೇಕಾದಷ್ಟೇ ಬರುತ್ತದೆ. ಆಂಡ್ರಾಯ್ಡ್‌ನಲ್ಲಿ ಜೈಗೋಟ್ ಎಂಬ ಒಂದು ಮೂಲ ಪ್ರೋಗ್ರಾಂ ಇದೆ, ಸಾಮಾನ್ಯವಾಗಿ ಎಲ್ಲ ಆ್ಯಪ್‌ಗಳಿಗೂ ಬೇಕಾಗುವ ಸರಂಜಾಮನ್ನು ಮೊದಲೇ ತುಂಬಿಕೊಂಡು ಕಾಯುತ್ತಿರುತ್ತದೆ. ಹೊಸ ಆ್ಯಪ್ ಶುರುವಾಗುವುದೆಂದರೆ ಜೈಗೋಟ್ ತನ್ನದೇ ಇನ್ನೊಂದು ಪ್ರತಿಯಾಗಿ ಕವಲೊಡೆಯುವುದು. ಆಗ ಪುಟಗಳ ನಕಲು ಮಾಡುವುದಿಲ್ಲ. ಕರ್ನೆಲ್ ಪಟ್ಟಿಯ ನಕಲು ಮಾಡಿ, ಎರಡೂ ಕಡೆ ‘ಬರೆಯುವಂತಿಲ್ಲ’ ಎಂದು ಗುರುತು ಹಾಕುತ್ತದೆ. ಯಾರಾದರೂ ಬರೆಯಲು ಹೋದರೆ ಪೇಜ್ ಫಾಲ್ಟ್. ಆಗ ಆ ಒಂದು ಪುಟಕ್ಕೆ ಮಾತ್ರ ಪ್ರತ್ಯೇಕ ಪ್ರತಿ. ನಮಗೆ ಹತ್ತಿರದ ಉದಾಹರಣೆ ಹೇಳುವುದಾದರೆ, ಕನ್ನಡದ ಒತ್ತಕ್ಷರ, ದೀರ್ಘಗಳನ್ನು ಪರದೆಯ ಮೇಲೆ ಸರಿಯಾದ ಜಾಗದಲ್ಲಿ ಕೂರಿಸುವ ಹಾರ್ಫ್‌ಬಜ್ ಎಂಬ ಕೋಡ್ ಆಂಡ್ರಾಯ್ಡ್ ವ್ಯವಸ್ಥೆಯ ಭಾಗವಾಗಿ ಬರುತ್ತದೆ. ವ್ಯವಸ್ಥೆಯ ಆ ಪ್ರತಿಯನ್ನು ಹತ್ತು ಆ್ಯಪ್‌ಗಳು ಬಳಸಿದರೂ ರ‍್ಯಾಮಿನಲ್ಲಿ ಇರುವುದು ಒಂದೇ. ಹತ್ತು ಪಟ್ಟಿಗಳು ಅದೇ ಚೌಕಟ್ಟುಗಳನ್ನು ತೋರಿಸುತ್ತವೆ. ನಿಜವಾದ ವಿಳಾಸ ಯಾರಿಗೂ ಗೊತ್ತಿಲ್ಲದ್ದರಿಂದಲೇ ಇದೆಲ್ಲ ಸಾಧ್ಯ.

ಇನ್ನು ಪರೀಕ್ಷೆಯ ಎರಡಂಕದ ಉತ್ತರಕ್ಕೆ ಬರೋಣ. ರ‍್ಯಾಮ್ ತುಂಬಿದೆ, ಹೊಸ ಪುಟ ತರಬೇಕು, ಯಾರನ್ನು ಹೊರಗೆ ಕಳಿಸುವುದು? ಆಟ್ಲಾಸ್ ಬಳಗದವರು ಇದಕ್ಕೊಂದು ಜಾಣ ಲೆಕ್ಕ ಇಟ್ಟಿದ್ದರು. ಪ್ರತಿ ಪುಟವೂ ಈಗ ಎಷ್ಟು ಹೊತ್ತಿನಿಂದ ಸುಮ್ಮನಿದೆ, ಹಿಂದಿನ ಸಲ ಎಷ್ಟು ಹೊತ್ತು ಸುಮ್ಮನಿತ್ತು ಎಂದು ಹೋಲಿಸಿ, ಅದರ ರೂಢಿಗಿಂತ ಹೆಚ್ಚು ಹೊತ್ತು ಸುಮ್ಮನಿರುವ ಪುಟದ ಕೆಲಸ ಮುಗಿದಿರಬೇಕು ಎಂದು ಊಹಿಸುತ್ತಿದ್ದರು. 1966ರಲ್ಲಿ ಐಬಿಎಂನ ಲಾಸ್ಲೊ ಬೆಲಾಡಿ ಎಲ್ಲಕ್ಕಿಂತ ಒಳ್ಳೆಯ ವಿಧಾನ ಯಾವುದೆಂದು ತೋರಿಸಿದರು: ಮುಂದೆ ಅತಿ ತಡವಾಗಿ ಬೇಕಾಗುವ ಪುಟವನ್ನು ಕಳಿಸಿ. ಭವಿಷ್ಯ ಗೊತ್ತಿದ್ದವರಿಗೆ ಮಾತ್ರ ಸಾಧ್ಯ. ಉಳಿದವರೆಲ್ಲ ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸಬೇಕು. ‘ಇತ್ತೀಚೆಗೆ ಮುಟ್ಟಿದೆ’ ಎಂಬ ಬಿಟ್ ಇರುವುದು ಈ ಊಹೆಗೆ.

‘ಮೊದಲು ಬಂದವರು ಮೊದಲು ಹೊರಗೆ’ ಎಂಬ ಸರಳ ನಿಯಮ ಇಟ್ಟರೆ ಏನಾಗುತ್ತದೆ ಎಂಬುದಕ್ಕೆ ಒಂದು ಮೋಜಿನ ಲೆಕ್ಕವಿದೆ. ಕಾಗದ, ಪೆನ್ನು ಇದ್ದರೆ ತೆಗೆಯಿರಿ. ಪ್ರೋಗ್ರಾಂ ಕೇಳುವ ಪುಟಗಳು ಹೀಗಿವೆ: 1, 2, 3, 4, 1, 2, 5, 1, 2, 3, 4, 5. ಚೌಕಟ್ಟು ಮೂರೇ ಇದ್ದರೆ, ಮೊದಲ ಏಳು ಕೋರಿಕೆಗಳೂ ಫಾಲ್ಟ್. ಆಮೇಲಿನ 1 ಮತ್ತು 2 ಸಿಗುತ್ತವೆ. 3, 4 ಫಾಲ್ಟ್. ಕೊನೆಯ 5 ಸಿಗುತ್ತದೆ. ಒಟ್ಟು 9. ಈಗ ಚೌಕಟ್ಟು ನಾಲ್ಕು ಮಾಡಿ. ಮೊದಲ ನಾಲ್ಕು ಫಾಲ್ಟ್, 1 ಮತ್ತು 2 ಸಿಕ್ಕವು, ಅಲ್ಲಿಂದ ಮುಂದೆ ಆರಕ್ಕೆ ಆರೂ ಫಾಲ್ಟ್. ಒಟ್ಟು 10. ಮೆಮರಿ ಹೆಚ್ಚು ಕೊಟ್ಟರೆ ಕೆಲಸ ಇನ್ನೂ ಕೆಟ್ಟಿತು! 1969ರಲ್ಲಿ ಬೆಲಾಡಿ, ನೆಲ್ಸನ್, ಶೆಡ್ಲರ್ ಇದನ್ನು ಪ್ರಕಟಿಸಿದಾಗ ಯಂತ್ರ ಕೊಳ್ಳುವವರಿಗೆ ಅದು ಒಳ್ಳೆಯ ಸುದ್ದಿಯಾಗಿರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಹೊತ್ತಿನಿಂದ ಬಳಸದ ಪುಟವನ್ನು ಕಳಿಸುವ ವಿಧಾನಕ್ಕೆ ಈ ಕಾಯಿಲೆ ಇಲ್ಲ.

ಆ ದಶಕದಲ್ಲಿ ಒಂದು ಜಗಳವೂ ನಡೆದಿತ್ತು. ಅನುಭವಿ ಪ್ರೋಗ್ರಾಮರ್ ಕೈಯಾರೆ ಮಾಡುವ ಓವರ್‌ಲೇಗೆ ಯಂತ್ರದ ಊಹೆ ಸಮವೇ? 1969ರಲ್ಲಿ ಡೇವಿಡ್ ಸೇಯರ್ ಐಬಿಎಂನ ಪ್ರಯೋಗಗಳ ಅಂಕಿಅಂಶ ಮುಂದಿಟ್ಟು, ಸ್ವಯಂಚಾಲಿತ ವಿಧಾನ ಕೈಕೆಲಸಕ್ಕೆ ಸರಿಸಾಟಿ ಎಂದು ತೋರಿಸಿದರು. ಈ ಸೇಯರ್ ಹರಳುಗಳ ಎಕ್ಸ್-ರೇ ವಿಜ್ಞಾನದಲ್ಲಿ ತಮ್ಮ ಹೆಸರಿನ ಸಮೀಕರಣವನ್ನೇ ಉಳಿಸಿಹೋದವರು, ಫೋರ್ಟ್ರಾನ್ ಭಾಷೆ ಕಟ್ಟಿದ ತಂಡದಲ್ಲೂ ಇದ್ದವರು. 1972ರ ಆಗಸ್ಟ್‌ನಲ್ಲಿ ಐಬಿಎಂ ತನ್ನ ಸಿಸ್ಟಂ 370 ಯಂತ್ರಗಳಿಗೆ ವರ್ಚುವಲ್ ಮೆಮರಿ ಘೋಷಿಸಿದ ಮೇಲೆ ವಾದ ತಣ್ಣಗಾಯಿತು. 1979ರಲ್ಲಿ ಬರ್ಕ್‌ಲಿಯ ಬಾಬಾವೋಲು ಮತ್ತು ಬಿಲ್ ಜಾಯ್ ಅದನ್ನು ಯೂನಿಕ್ಸ್‌ಗೆ ತಂದರು, 1985ರಲ್ಲಿ ಇಂಟೆಲ್ 386 ಅದನ್ನು ಮನೆ ಕಂಪ್ಯೂಟರಿಗೆ ತಂದಿತು. ಲಿನಕ್ಸ್‌ಗೆ ಡಿಸ್ಕಿಗೆ ಪುಟ ಕಳಿಸುವ ಶಕ್ತಿ ಬಂದದ್ದು 1991ರ ಕ್ರಿಸ್‌ಮಸ್ ರಜೆಯಲ್ಲಿ. ಬರೀ 2 ಮೆಗಾಬೈಟ್ ರ‍್ಯಾಮ್ ಇದ್ದ ಜರ್ಮನಿಯ ಬಳಕೆದಾರರೊಬ್ಬರ ಕಷ್ಟ ನೋಡಿ ಲಿನಸ್ ಟೊರ್ವಾಲ್ಡ್ಸ್ ಅದನ್ನು ಬರೆದರು.

ಆದರೆ ಡಿಸ್ಕು ರ‍್ಯಾಮಲ್ಲ. ರ‍್ಯಾಮಿನಿಂದ ಓದಲು ಸುಮಾರು 100 ನ್ಯಾನೋಸೆಕೆಂಡ್. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡ್. ಲಕ್ಷ ಪಟ್ಟು ನಿಧಾನ. ಎಸ್‌ಎಸ್‌ಡಿ ಇದ್ದರೂ ಸಾವಿರ ಪಟ್ಟು. 1,024 ಸಾಲು, 1,024 ಕಂಬಗಳ ಒಂದು ಕೋಷ್ಟಕ ತೆಗೆದುಕೊಳ್ಳಿ, ಮನೆಗೆ 4 ಬೈಟ್. ಒಂದು ಸಾಲು ಸರಿಯಾಗಿ ಒಂದು ಪುಟ. ನಿಮಗೆ ಸಿಕ್ಕಿರುವುದು 1,000 ಚೌಕಟ್ಟು ಎನ್ನೋಣ. ಸಾಲು ಸಾಲಾಗಿ ಕೂಡಿಸಿಕೊಂಡು ಹೋದರೆ 1,024 ಪೇಜ್ ಫಾಲ್ಟ್. ಹಾರ್ಡ್ ಡಿಸ್ಕಿನಲ್ಲಿ ಹತ್ತು ಸೆಕೆಂಡಿನ ಕೆಲಸ. ಅದೇ ಕೋಷ್ಟಕವನ್ನು ಕಂಬ ಕಂಬವಾಗಿ ಕೂಡಿಸಿದರೆ, ಪ್ರತಿ ಮನೆಗೂ ಹೊಸ ಪುಟ; ಒಂದು ಕಂಬ ಮುಗಿಯುವ ಹೊತ್ತಿಗೆ ಮೊದಲ ಪುಟ ಆಗಲೇ ಹೊರಗೆ ಹೋಗಿರುತ್ತದೆ. 10,48,576 ಫಾಲ್ಟ್, ಹತ್ತಿರ ಹತ್ತಿರ ಮೂರು ಗಂಟೆ. ಉತ್ತರ ಒಂದೇ, ಕೋಡಿನಲ್ಲಿ ವ್ಯತ್ಯಾಸ ಎರಡು ಸಾಲುಗಳ ಅದಲುಬದಲು.

ಒಂದು ಪ್ರೋಗ್ರಾಮಿನ ಪಾಡು ಇದಾದರೆ, ಹಲವು ಪ್ರೋಗ್ರಾಂಗಳು ಸೇರಿದಾಗ ಇನ್ನೂ ಘೋರ. 1960ರ ದಶಕದ ಯಂತ್ರಗಳು ಚೆನ್ನಾಗಿಯೇ ಓಡುತ್ತಿದ್ದು, ಇನ್ನೊಂದೇ ಒಂದು ಕೆಲಸ ಸೇರಿಸಿದ ಕೂಡಲೇ ಕುಸಿದು ಕೂರುತ್ತಿದ್ದವು. ಎಲ್ಲರ ಪುಟಗಳನ್ನು ಎಲ್ಲರೂ ಕಿತ್ತುಕೊಳ್ಳುವುದು, ಡಿಸ್ಕು ಬಿಡುವಿಲ್ಲದೆ ದುಡಿಯುವುದು, ಪ್ರೊಸೆಸರ್ ಖಾಲಿ ಕೂರುವುದು. ಪ್ರೊಸೆಸರ್ ಖಾಲಿ ಇರುವುದನ್ನು ಕಂಡ ಆಪರೇಟಿಂಗ್ ಸಿಸ್ಟಂ ‘ಇನ್ನೂ ಕೆಲಸ ಕೊಡೋಣ’ ಎಂದು ಮತ್ತೊಂದು ಪ್ರೋಗ್ರಾಮನ್ನು ಒಳಗೆ ಬಿಡುತ್ತಿತ್ತು! ಇದು ಥ್ರ್ಯಾಶಿಂಗ್. ಇದರ ಕಾರಣ ಬಿಡಿಸಿದವರು ಎಂಐಟಿಯಲ್ಲಿ ಆಗ ಸಂಶೋಧನೆ ಮಾಡುತ್ತಿದ್ದ ಪೀಟರ್ ಡೆನ್ನಿಂಗ್. ಪ್ರತಿ ಪ್ರೋಗ್ರಾಮಿಗೂ ಆಯಾ ಹೊತ್ತಿನಲ್ಲಿ ಒಟ್ಟಿಗೆ ಬೇಕಾಗುವ ಪುಟಗಳ ಒಂದು ಗುಂಪು ಇರುತ್ತದೆ. ಆ ಗುಂಪು ಪೂರ್ತಿ ರ‍್ಯಾಮಿನಲ್ಲಿ ಹಿಡಿಯದಿದ್ದರೆ ಆ ಪ್ರೋಗ್ರಾಮನ್ನು ಓಡಿಸಲೇಬೇಡಿ ಎಂದು 1968ರಲ್ಲಿ ಅವರು ಹೇಳಿದರು. ‘ವರ್ಕಿಂಗ್ ಸೆಟ್’ ಎಂಬ ಈ ಕಲ್ಪನೆಗಿಂತ ಮುಖ್ಯವಾದದ್ದು ಈ ವಿಷಯದಲ್ಲಿ ಆಮೇಲೆ ಬಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇದು ಗೊತ್ತಿದ್ದರೆ ಮೊಬೈಲ್ ಅಂಗಡಿಯ ಒಂದು ಬೋರ್ಡನ್ನು ಬೇರೆ ಕಣ್ಣಿನಿಂದ ನೋಡುತ್ತೀರಿ. ‘16 ಜಿಬಿ ರ‍್ಯಾಮ್’ ಎಂದು ದೊಡ್ಡಕ್ಷರ, ಕೆಳಗೆ ಚಿಕ್ಕಕ್ಷರದಲ್ಲಿ ‘8 + 8’. ಎರಡನೇ ಎಂಟು ರ‍್ಯಾಮಲ್ಲ. ಫೋಟೊ, ವಿಡಿಯೊ ಇಡುವ ಸ್ಟೋರೇಜಿನ ಭಾಗ. ಅದು ರ‍್ಯಾಮಿಗಿಂತ ಬಹಳ ನಿಧಾನ, ಜತೆಗೆ ಇಂತಿಷ್ಟು ಸಲ ಬರೆದ ಮೇಲೆ ಸವೆಯುತ್ತದೆ. ಈ ಸವೆತದ ಭಯದಿಂದಲೇ ಆಂಡ್ರಾಯ್ಡ್ ಪುಟಗಳನ್ನು ಅಲ್ಲಿಗೆ ಕಳಿಸುವ ಬದಲು ರ‍್ಯಾಮಿನೊಳಗೇ ಒತ್ತಿ ಚಿಕ್ಕದು ಮಾಡಿ ಇಡುವ ದಾರಿ ಹಿಡಿದಿದೆ. ಅದೂ ಸಾಲದಿದ್ದರೆ ಹಿಂದೆ ಉಳಿದ ಆ್ಯಪನ್ನು ಮುಗಿಸಿಯೇ ಬಿಡುತ್ತದೆ. ಬ್ರೌಸರಿನಲ್ಲಿ ಅರ್ಜಿ ತುಂಬುತ್ತಾ ಒಟಿಪಿ ನೋಡಲು ಮೆಸೇಜಿಗೆ ಹೋಗಿ ವಾಪಸು ಬಂದರೆ, ಪುಟ ಮತ್ತೆ ಮೊದಲಿಂದ ಲೋಡ್ ಆಗಿ ತುಂಬಿದ್ದೆಲ್ಲ ಮಾಯ. ನೀವು ಸರ್ವರನ್ನು ಬಯ್ದಿರುತ್ತೀರಿ. ಬಹಳ ಸಲ ತಪ್ಪಿತಸ್ಥ ನಿಮ್ಮ ಜೇಬಿನಲ್ಲೇ ಇದ್ದಾನೆ. ಮೊಬೈಲ್ ಕೊಳ್ಳುವಾಗ ಕೂಡಿಸುವ ಗುರುತಿನ ಮೊದಲಿರುವ ಸಂಖ್ಯೆಯನ್ನು ಮಾತ್ರ ನೋಡಿ.

ಕಟ್ಟಳೆಯ ವಿಷಯಕ್ಕೆ ಮರಳುತ್ತೇನೆ. ಗೇಮ್ ಆ್ಯಪ್ ಬ್ಯಾಂಕ್ ಆ್ಯಪ್‌ನ ಗುಟ್ಟನ್ನು ಓದಲಾರದು. ಓದಬಾರದೆಂಬ ನಿಯಮವಿದೆ ಎಂದಲ್ಲ, ಆ ಚೌಕಟ್ಟನ್ನು ಹೆಸರಿಸುವ ವಿಳಾಸವೇ ಅದರ ಬಳಿ ಇಲ್ಲ. ಇಷ್ಟು ಗಟ್ಟಿಯಾದ ಗೋಡೆಯಲ್ಲೂ ಒಂದು ಬಿರುಕು ಇತ್ತು. ಪ್ರತಿ ಪ್ರೋಗ್ರಾಮಿನ ಪಟ್ಟಿಯಲ್ಲೂ ಕರ್ನೆಲ್‌ನ ಪುಟಗಳನ್ನು ನಮೂದಿಸಿ, ‘ಸಾಮಾನ್ಯ ಪ್ರೋಗ್ರಾಂ ನೋಡುವಂತಿಲ್ಲ’ ಎಂಬ ಒಂದೇ ಬಿಟ್ಟನ್ನು ನಂಬಿ ಬಿಡುವುದು ರೂಢಿಯಾಗಿತ್ತು. ಕರ್ನೆಲ್‌ಗೆ ಹೋಗಿ ಬರಲು ಪಟ್ಟಿ ಬದಲಿಸುವ ಖರ್ಚು ಉಳಿಯುತ್ತದೆ ಎಂದು. 2018ರ ಜನವರಿಯಲ್ಲಿ ಬಯಲಾದ ಮೆಲ್ಟ್‌ಡೌನ್ ಎಂಬ ದೋಷ ಇದನ್ನೇ ಹಿಡಿಯಿತು. ಇಂಟೆಲ್ ಪ್ರೊಸೆಸರುಗಳು ವೇಗಕ್ಕಾಗಿ ಮುಂದಿನ ಆದೇಶಗಳನ್ನು ಮೊದಲೇ ನಡೆಸಿಟ್ಟುಕೊಳ್ಳುತ್ತವೆ. ಆ ಅವಸರದಲ್ಲಿ ಬಿಟ್ ಪರೀಕ್ಷೆ ಮುಗಿಯುವ ಮುಂಚೆಯೇ ಕರ್ನೆಲ್‌ನ ಮಾಹಿತಿಯನ್ನು ಓದಿ, ಆಮೇಲೆ ಓದಿಲ್ಲವೆಂದು ಅಳಿಸುತ್ತಿದ್ದವು. ಅಳಿಸಿದರೂ, ಇತ್ತೀಚೆಗೆ ಓದಿದ್ದನ್ನು ಪ್ರೊಸೆಸರ್ ತನ್ನ ಹತ್ತಿರ ಇಟ್ಟುಕೊಳ್ಳುವ ಕ್ಯಾಶ್ ಮೆಮರಿಯಲ್ಲಿ ಕುರುಹು ಉಳಿಯುತ್ತಿತ್ತು. ಸಮಯ ಅಳೆದು ಅದನ್ನು ಓದಬಹುದಿತ್ತು. ಪರಿಹಾರ, ಕರ್ನೆಲ್‌ನ ಪುಟಗಳನ್ನು ಪ್ರೋಗ್ರಾಮಿನ ಪಟ್ಟಿಯಿಂದಲೇ ಕಿತ್ತುಹಾಕುವುದು. ಆಸ್ಟ್ರಿಯಾದ ಗ್ರಾಟ್ಸ್ ತಾಂತ್ರಿಕ ವಿಶ್ವವಿದ್ಯಾಲಯದವರು ಬೇರೊಂದು ಕಾರಣಕ್ಕೆ 2017ರಲ್ಲೇ ಇದನ್ನು ಮಾಡಿಟ್ಟಿದ್ದರು. ಯಂತ್ರಗಳು ಸ್ವಲ್ಪ ನಿಧಾನವಾದವು, ಆದರೆ ಬಿರುಕು ಮುಚ್ಚಿತು. ಬಿಟ್ಟನ್ನು ನಂಬಿ ಕೆಟ್ಟವರು ಕೊನೆಗೆ ಕಟ್ಟಳೆಗೇ ಮರಳಿದರು: ಗೊತ್ತಿರಬಾರದ್ದನ್ನು ಪಟ್ಟಿಯಲ್ಲಿ ಬರೆಯಲೇಬೇಡಿ.

ಸದ್ಯದ ತಲೆನೋವು ಬೇರೆ. 4,096 ಬೈಟಿನ ಪುಟ 386ರ ಕಾಲದ್ದು. ಆಗ ಮೆಮರಿ ಕೆಲವೇ ಮೆಗಾಬೈಟ್. 2015ರಲ್ಲಿ ಬಂದ ಇಂಟೆಲ್ ಸ್ಕೈಲೇಕ್‌ನ ದೊಡ್ಡ ಟಿಎಲ್‌ಬಿಯಲ್ಲಿ 1,536 ನಮೂದುಗಳಿವೆ. ನಮೂದಿಗೆ ಒಂದು ಪುಟದಂತೆ ಗುಣಿಸಿದರೆ ಅದು ನೆನಪಿಡಬಲ್ಲದ್ದು 6 ಮೆಗಾಬೈಟಿನ ವಿಳಾಸಗಳನ್ನು ಮಾತ್ರ. 64 ಗಿಗಾಬೈಟ್ ಇರುವ ಸರ್ವರಿಗೆ ಅದು ಯಾವ ಮೂಲೆಗೆ? ದತ್ತಾಂಶ ಅಗಾಧವಾದ ಪ್ರೋಗ್ರಾಂಗಳು ವಿಳಾಸ ಹುಡುಕುವುದರಲ್ಲೇ ಗಣನೀಯ ಸಮಯ ಕಳೆಯುತ್ತವೆ. 2 ಮೆಗಾಬೈಟ್, 1 ಗಿಗಾಬೈಟ್‌ನ ದೊಡ್ಡ ಪುಟಗಳನ್ನು ಪ್ರೊಸೆಸರ್ ಒಪ್ಪುತ್ತದೆ, ಆದರೆ ಯಾರಿಗೆ ಯಾವಾಗ ಕೊಡಬೇಕು? ಕೊಟ್ಟರೆ ಅರ್ಧ ಖಾಲಿ ಉಳಿದು ಪೋಲಾಗಬಹುದು. ಈ ಪ್ರಶ್ನೆಗೆ ಒಳ್ಳೆಯ ಉತ್ತರಗಳು ನಮ್ಮ ಬೆಂಗಳೂರಿನಿಂದಲೇ ಬಂದಿವೆ. ಆಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಆಶಿಶ್ ಪನ್ವರ್, ಕೆ. ಗೋಪಿನಾಥ್ ಮತ್ತು ದೆಹಲಿ ಐಐಟಿಯ ಸೊರವ್ ಬನ್ಸಲ್ 2019ರಲ್ಲಿ ಮಂಡಿಸಿದ ‘ಹಾಕ್‌ಐ’ ಎಂಬ ವ್ಯವಸ್ಥೆ, ವಿಳಾಸ ಹುಡುಕಾಟದಿಂದ ಯಾವ ಪ್ರೋಗ್ರಾಂ ನಿಜಕ್ಕೂ ಬಳಲುತ್ತಿದೆ ಎಂದು ಅಳೆದು ಅದಕ್ಕೆ ಮೊದಲು ದೊಡ್ಡ ಪುಟ ಕೊಡುತ್ತದೆ. ದೊಡ್ಡ ಪುಟದೊಳಗೆ ಬರೀ ಸೊನ್ನೆ ತುಂಬಿ ಬಿದ್ದಿರುವ ಭಾಗಗಳನ್ನು ಗುರುತಿಸಿ ವಾಪಸು ಪಡೆಯುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯದೇ ಅರ್ಕಪ್ರಭ ಬಸು ಅವರ ಬಳಗ 2021ರಲ್ಲಿ 1 ಗಿಗಾಬೈಟ್ ಪುಟವನ್ನೂ ಸೇರಿಸಿ ಎಲ್ಲ ಅಳತೆಗಳನ್ನು ದುಡಿಸಿಕೊಳ್ಳುವ ‘ಟ್ರೈಡೆಂಟ್’ ಅನ್ನು ಕಟ್ಟಿತು. ಮೊಬೈಲ್ ಲೋಕವೂ ಕದಲಿದೆ: ಆಂಡ್ರಾಯ್ಡ್ 15ರಿಂದ 16 ಕಿಲೋಬೈಟ್ ಪುಟಗಳಿಗೆ ಅವಕಾಶವಿದೆ. ಪುಟ 4,096 ಬೈಟೇ ಇರುತ್ತದೆ ಎಂದು ಕೋಡಿನಲ್ಲಿ ಬರೆದಿಟ್ಟವರು ಅದನ್ನು ಹುಡುಕಿ ತಿದ್ದಬೇಕಾಗಿ ಬಂದಿದೆ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ಕೋರಿಕೆ. ಎಂಐಟಿಯವರು ಪಾಠಕ್ಕೆಂದೇ ಬರೆದ ಎಕ್ಸ್‌ವಿ6 ಎಂಬ ಪುಟ್ಟ ಆಪರೇಟಿಂಗ್ ಸಿಸ್ಟಂ ಉಚಿತವಾಗಿ ಸಿಗುತ್ತದೆ, ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ. ಅದರ ವರ್ಚುವಲ್ ಮೆಮರಿಯ ಕೋಡ್ ಇಡಿಯಾಗಿ ಕೆಲವೇ ನೂರು ಸಾಲು. ‘ವಾಕ್’ ಎಂಬ ಫಂಕ್ಷನ್ನಿನಲ್ಲಿ ಪಟ್ಟಿಯನ್ನು ಹಂತ ಹಂತವಾಗಿ (ಅದು ಓಡುವ ಪ್ರೊಸೆಸರಿನಲ್ಲಿ ನಾಲ್ಕಲ್ಲ, ಮೂರು ಹಂತ) ಇಳಿಯುವುದನ್ನು ಕಣ್ಣಾರೆ ನೋಡಬಹುದು. ಅದನ್ನು ಓದಿ, ಬೇಕೆಂತಲೇ ಒಂದು ಸಾಲು ಕೆಡಿಸಿ ಓಡಿಸಿ, ಏನಾಯಿತು, ಯಾಕಾಯಿತು ಎಂದು ಕನ್ನಡದಲ್ಲಿ ಬರೆದು ನಿಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಗೆ ಕೊಡಿ. ಅಧ್ಯಾಪಕರು ಅಂಥ ಒಂದು ಬರಹಕ್ಕೆ ದಯವಿಟ್ಟು ಜಾಗ ಮಾಡಿಕೊಡಬೇಕು.